ಎರಿ, ಗರಸು, ಜಾಲಿಮುಳ್ಳು: ಮೊದಲ ಜೋಡಿ ಟ್ರೇಲ್ ಬೂಟು

ಡಾಂಬರು ರಸ್ತೆ ಬಿಟ್ಟು ಮಣ್ಣು, ಕಲ್ಲು, ಉಸುಕು, ಹುಲ್ಲಿನ ಮೇಲೆ ಓಡುವವರಿಗೆಂದು ಮಾಡಿದ ಬೂಟಿಗೆ ಟ್ರೇಲ್ ಬೂಟು ಎನ್ನುತ್ತಾರೆ. ಅಂಗಡಿಯ ಗಾಜಿನ ಹಿಂದೆ ಇಟ್ಟಾಗ ಇದಕ್ಕೂ ರಸ್ತೆ ಓಟದ ಬೂಟಿಗೂ ಅಂಥ ಫರಕು ಕಾಣುವುದಿಲ್ಲ. ಮಗುಚಿ ನೋಡಬೇಕು. ರಸ್ತೆ ಬೂಟಿನ ಅಟ್ಟೆ ಬಹುಮಟ್ಟಿಗೆ ಸಪಾಟು. ಟ್ರೇಲ್ ಬೂಟಿನ ಅಟ್ಟೆಗೆ 2ರಿಂದ 8 ಮಿ.ಮೀ.ವರೆಗಿನ ರಬ್ಬರ್ ಹಲ್ಲುಗಳಿರುತ್ತವೆ. ಬೆರಳ ತುದಿಗೆ ಕಲ್ಲಿನ ಪೆಟ್ಟು ತಡೆಯುವ ದಪ್ಪ ಪಟ್ಟಿ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಗಟ್ಟಿ ಗೂಡು, ಕೆಲವುಗಳಲ್ಲಿ ಮುಂಗಾಲಿನ ಕೆಳಗೆ ತೆಳುವಾದ ಪ್ಲಾಸ್ಟಿಕ್ ತಗಡು, ಇವಿಷ್ಟು ಹೆಚ್ಚಿನ ಅಂಗಗಳು. ಮಾರುವವರು ನೆಲವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಕೆಸರು, ಕಲ್ಲು, ಎರಡೂ ಬೆರೆತದ್ದು. ಆಲ್ಪ್ಸ್ ಪರ್ವತದ ಬುಡದ ಊರುಗಳಿಗೆ ಆ ವಿಂಗಡಣೆ ಸಾಕಾಗಬಹುದು. ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಅದು ಮೊದಲ ಮಳೆಗೇ ಕೈಕೊಡುತ್ತದೆ. ಇಲ್ಲಿ ಬೂಟಿಗಿಂತ ಮೊದಲು ನೆಲವನ್ನು ಓದಬೇಕು, ಅದೂ ಯಾವ ತಿಂಗಳ ನೆಲ ಎಂದು ಕೇಳಿಕೊಂಡು.

ಚೀಕಲಪರ್ವಿ ತುಂಗಭದ್ರೆಯ ದಂಡೆಯ ಮೇಲಿನ ಊರು. ಕೃಷ್ಣೆ, ತುಂಗಭದ್ರೆಗಳ ನಡುವಣ ರಾಯಚೂರು ದೋಆಬು ಇಲ್ಲಿಗೆ ಮುಗಿಯುತ್ತದೆ, ಆಚೆ ದಡ ಬೇರೆ ಸೀಮೆ. ಹರಿದಾಸರಲ್ಲಿ ದೊಡ್ಡ ಹೆಸರಾದ ವಿಜಯದಾಸರು (1682–1755) ಹುಟ್ಟಿದ ಊರು ಇದೇ. ಕಾರ್ತಿಕ ಶುದ್ಧ ದಶಮಿಯ ಅವರ ಆರಾಧನೆಗೆ ಬರಿಗಾಲಲ್ಲಿ ನಡೆದು ಬರುವವರು ಇಂದಿಗೂ ಇದ್ದಾರೆ. ನಡೆಯುವುದು ಈ ಸೀಮೆಗೆ ಹೊಸದಲ್ಲ. ಕೆಲಸವಿಲ್ಲದೆ, ಯಾರೂ ಅಟ್ಟಿಸಿಕೊಂಡು ಬರದೆ, ಬೆಳಗಿನ ಜಾವ ಹೊಲದ ದಾರಿಯಲ್ಲಿ ಓಡುವುದು ಹೊಸದು. ಇಲ್ಲಿ ದಾಖಲಿಸುತ್ತಿರುವುದು 2010ರ ದಶಕದಲ್ಲಿ ಹಾಗೆ ಓಡತೊಡಗಿದ ನಾಲ್ಕಾರು ಮಂದಿಯ ಅನುಭವ. ಅವರಲ್ಲಿ ಕೆಲವರು ರಾಯಚೂರಿನಲ್ಲಿ ನೌಕರಿಗಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು, ಉಳಿದವರು ಊರಲ್ಲೇ ಇದ್ದವರು.

ಅವರ ಕಾಲಿಗೆ ಸಿಗುತ್ತಿದ್ದ ನೆಲ ನಾಲ್ಕು ತೆರನಾದದ್ದು. ಮೊದಲನೆಯದು ಕಾಲುವೆ ಏರಿ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದದ್ದು, ಮುನಿರಾಬಾದಿನ ಅಣೆಕಟ್ಟಿನಿಂದ ಹೊರಟು ಗಂಗಾವತಿ, ಸಿಂಧನೂರು ಸೀಮೆ ದಾಟಿ ಮಾನ್ವಿ, ರಾಯಚೂರಿನ ಕಡೆ ಬರುತ್ತದೆ. ಕೊನೆ ಭಾಗದ ಹೊಲಗಳಿಗೆ ನೀರು ಮುಟ್ಟುವುದಿಲ್ಲ ಎಂಬ ತಕರಾರು ಹಳೆಯದು, ಪ್ರತಿ ವರ್ಷ ಹೊಸದಾಗುವಂಥದ್ದು. ಓಡುವವರಿಗೆ ನೀರು ಬಂದರೂ ಒಂದೇ, ಬಾರದಿದ್ದರೂ ಒಂದೇ, ಬೇಕಾದದ್ದು ಏರಿ. ಗ್ಯಾಂಗ್‌ಮನ್‌ಗಳು ತಿರುಗಾಡಲು, ಇಲಾಖೆಯ ಜೀಪು ಹೋಗಲು ಗರಸು ಹಾಕಿ ಗಟ್ಟಿ ಮಾಡಿದ ಆ ದಾರಿ ಮಳೆಯಲ್ಲೂ ಬೇಗ ನೀರು ಬಸಿದುಕೊಳ್ಳುತ್ತದೆ. ಏರಿಳಿತ ಕಡಿಮೆ, ದಾರಿ ತಪ್ಪುವ ಭಯವಿಲ್ಲ, ಅಲ್ಲಲ್ಲಿ ತೂಬಿನ ಕಟ್ಟೆಯ ಮೇಲೆ ಕೂತು ಲಾಡಿ ಬಿಗಿದುಕೊಳ್ಳಬಹುದು. ಶ್ರೀರಂಗಪಟ್ಟಣದಲ್ಲಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್ ಓಟದ ಹಾದಿಯೂ ಕಾಲುವೆ ಏರಿಯೇ. ಮಾನ್ವಿ ಕಡೆಯವರು ಅಲ್ಲಿಗೆ ಹೋದರೆ ಕಬ್ಬು, ತೆಂಗಿನ ನೆರಳು ಬಿಟ್ಟರೆ ಕಾಲಿಗೆ ಹೊಸದೇನೂ ಅನ್ನಿಸುವುದಿಲ್ಲ.

ಎರಡನೆಯದು ಎರಿ. ಕಪ್ಪು ಹತ್ತಿ ಮಣ್ಣು ಎಂದು ಪುಸ್ತಕದಲ್ಲಿ ಬರೆಯುವ ಈ ಮಣ್ಣಿನಲ್ಲಿ ನೀರು ಹೀರಿದಾಗ ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿಯ ಅಂಶ ಹೆಚ್ಚು. ಬೇಸಿಗೆಯಲ್ಲಿ ಮುಂಗಾಲು ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ಮುಂಜಾನೆ ಮಬ್ಬಿನಲ್ಲಿ ಬ್ಯಾಟರಿ ಹಿಡಿಯದೆ ಆ ಹೊಲ ಅಡ್ಡ ಹಾಯುವುದು ಹುಚ್ಚುತನ. ಮಳೆ ಬಿದ್ದ ಮೇಲೆ ಕತೆಯೇ ಬೇರೆ. ನಾಲ್ಕು ಹೆಜ್ಜೆಗೆ ಅಟ್ಟೆಗೆ ಮಣ್ಣು ಅಂಟುತ್ತದೆ, ಆ ಮಣ್ಣಿಗೆ ಮತ್ತೆ ಮಣ್ಣು, ಅದಕ್ಕೆ ಜೋಳದ ದಂಟು, ಹತ್ತಿ ಕಟ್ಟಿಗೆಯ ಚೂರು. ಹತ್ತಿಪ್ಪತ್ತು ಹೆಜ್ಜೆಯಾಗುವಷ್ಟರಲ್ಲಿ ಬೂಟಿನ ಅಡಿ ಜೋಳದ ರೊಟ್ಟಿಯಷ್ಟು ಅಗಲವಾಗಿ, ಕಾಲು ಎತ್ತಿದರೆ ಸೊಂಟ ಹಿಡಿಯುತ್ತದೆ. ಒಂದು ಮುಂಗಾರಿನಲ್ಲಿ ಹಾಗೆ ಸಿಕ್ಕಿಬಿದ್ದವರನ್ನು ಬದುವಿನ ಮೇಲಿಂದ ನೋಡಿದ ಕುರಿ ಕಾಯುವ ಹಿರಿಯರೊಬ್ಬರು, “ತಮ್ಮಾ, ಎರಿಗೆ ಬೂಟ್ ಹಾಕ್ಕೊಂಡು ಬರ್ತಾರೇನು? ಬಿಚ್ಚಿ ಕೈಯಾಗ ಹಿಡ್ಕೊಂಡು ನಡಿ” ಅಂದಿದ್ದರು. ಇದಕ್ಕಿಂತ ಸರಿಯಾದ ಸಲಹೆ ಯಾವ ಕಂಪನಿಯ ಪುಸ್ತಿಕೆಯಲ್ಲೂ ಸಿಗುವುದಿಲ್ಲ. ಕೆಸರಿಗೆಂದೇ ಮಾಡಿದ 6–8 ಮಿ.ಮೀ. ಹಲ್ಲಿನ, ಹಲ್ಲಿನ ನಡುವೆ ಅಗಲ ಸಂದು ಬಿಟ್ಟ ಬೂಟುಗಳು ಸಡಿಲ ಕೆಸರನ್ನು ಕೊಡವಿಕೊಳ್ಳುತ್ತವೆ. ಎರಿ ಹಾಗೆ ಬಿಡುವ ಮಣ್ಣಲ್ಲ. ಹಸಿ ಎರಿಗೆ ಯಾವ ಬೂಟೂ ಇಲ್ಲ ಎಂದು ಒಪ್ಪಿಕೊಂಡರೆ ಮೊದಲ ಜೋಡಿಯ ಆಯ್ಕೆ ಅರ್ಧ ಹಗುರಾಗುತ್ತದೆ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600–700 ಮಿ.ಮೀ. ಆಸುಪಾಸು; ವರ್ಷದ ಹೆಚ್ಚಿನ ದಿನಗಳು ಒಣ ದಿನಗಳೇ. ಆ ದಿನಗಳಿಗೆ ಬೂಟು ಕೊಳ್ಳಬೇಕು, ಉಳಿದ ದಿನಗಳಲ್ಲಿ ಕಾಲುವೆ ಏರಿಗೆ ಹೋಗಬೇಕು.

ಮೂರನೆಯದು ಹೊಳೆದಂಡೆ. ನೀರು ಇಳಿದ ತಿಂಗಳುಗಳಲ್ಲಿ ಉಸುಕು, ಅದರ ನಡುವೆ ಹಾಸುಬಂಡೆ ಹೊರಬೀಳುತ್ತವೆ. ಉಸುಕಿನಲ್ಲಿ ಯಾವ ಹಲ್ಲೂ ಕೆಲಸಕ್ಕೆ ಬರುವುದಿಲ್ಲ, ಒಳಗೆ ಉಸುಕು ನುಗ್ಗದಂತೆ ನಾಲಿಗೆಯ ಎರಡೂ ಬದಿ ಹೊಲಿದಿದ್ದರೆ ಸಾಕು. ನಾಲ್ಕನೆಯದು ಗುಡ್ಡ: ಮಾನ್ವಿ, ನೀರಮಾನ್ವಿಯ ಬಂಡೆಗುಡ್ಡಗಳು, ರಾಯಚೂರಿನಲ್ಲಿದ್ದ ದಿನಗಳಲ್ಲಿ 1294ರ ಶಾಸನವಿರುವ ಕೋಟೆಯ ಬೆಟ್ಟ. ದೇವದುರ್ಗದ ಕಡೆ, ನಾರಾಯಣಪುರ ಬಲದಂಡೆ ಕಾಲುವೆಯ ಸೀಮೆಗೆ ಹೋದರೆ ಎರಿಯ ಜೊತೆ ಮಸಾರಿ (ಕೆಂಪು) ನೆಲವೂ ಸಣ್ಣ ಕಲ್ಲೂ ಬೆರೆತ ದಾರಿಗಳು ಸಿಗುತ್ತವೆ. ಒಣ ಗ್ರಾನೈಟಿನ ಮೇಲೆ ಬಹುತೇಕ ಎಲ್ಲ ಬೂಟುಗಳೂ ನಿಲ್ಲುತ್ತವೆ. ಮಂಜೋ ಮಳೆಯೋ ತಾಕಿ ಒದ್ದೆಯಾದರೆ ಗಟ್ಟಿ ರಬ್ಬರ್ ಜಾರುತ್ತದೆ, ಮೆತ್ತನೆಯದು ಹಿಡಿಯುತ್ತದೆ.

ಬೂಟು ಬರುವ ಮುಂಚೆ ಈ ನೆಲದ ಮೇಲೆ ಏನು ಮೆಟ್ಟುತ್ತಿದ್ದರು ಎಂಬುದು ಆಯ್ಕೆಗೆ ಸಂಬಂಧವಿಲ್ಲದ ಸಂಗತಿಯಲ್ಲ. ಲಾರಿ ಟೈರು ಕೊಯ್ದು ಅಟ್ಟೆ ಮಾಡಿ, ಮೇಲೆ ಚರ್ಮದ ಇಲ್ಲವೇ ಟ್ಯೂಬಿನ ಪಟ್ಟಿ ಹೊಡೆದ ಕೆರ ಕುರಿಗಾರರ ಕಾಲಲ್ಲಿ, ಹೊಲದವರ ಕಾಲಲ್ಲಿ ಇರುತ್ತಿತ್ತು. ತೂಕ ಹೆಚ್ಚು, ಆದರೆ ಜಾಲಿಮುಳ್ಳು ಅದನ್ನು ತೂರುವುದಿಲ್ಲ. ಮೆಕ್ಸಿಕೋ ದೇಶದ ಕಣಿವೆಗಳಲ್ಲಿ ದೂರದ ಓಟಕ್ಕೆ ಹೆಸರಾದ ರರಾಮುರಿ ಜನರೂ ಇಂಥ ಟೈರಿನ ಅಟ್ಟೆಯ ಚಪ್ಪಲಿಯಲ್ಲೇ ಓಡುತ್ತಾರೆ. 1993ರಲ್ಲಿ ಅಮೆರಿಕದ ಲೆಡ್‌ವಿಲ್ ನೂರು ಮೈಲಿ ಓಟ ಗೆದ್ದ ವಿಕ್ಟೋರಿಯಾನೊ ಚುರ್ರೊ ಅದೇ ಜನಾಂಗದವರು, ಆಗ ಅವರಿಗೆ 55 ವರ್ಷ. ಬರಿಗಾಲ ಓಟಕ್ಕೆ ನಮ್ಮ ನಾಡಿನಲ್ಲೂ ದಾಖಲೆಯಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡಿದ್ದನ್ನು ಕಂಡೇ ದೊರಾಬ್ಜಿ ಟಾಟಾ ಅವರು ಭಾರತದವರನ್ನು ಒಲಿಂಪಿಕ್ಸಿಗೆ ಕಳಿಸಲು ಮನಸ್ಸು ಮಾಡಿದರು. ಮರುವರ್ಷ ಆ್ಯಂಟ್ವರ್ಪ್‌ನಲ್ಲಿ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು.

ಮಾನ್ವಿಯಲ್ಲಿ ಓಟದ ಬೂಟಿಗೆ ಗಿರಾಕಿಗಳಾಗಿದ್ದವರು ಮುಖ್ಯವಾಗಿ ಪೊಲೀಸ್ ಭರ್ತಿಗೆ ತಯಾರಾಗುತ್ತಿದ್ದ ಹುಡುಗರು. ಕಾನ್‌ಸ್ಟೇಬಲ್ ಪರೀಕ್ಷೆಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಬಿಳಿ ಕ್ಯಾನ್ವಾಸ್ ಬೂಟು ಆ ಓಟಕ್ಕೆ ಸಾಲುತ್ತಿತ್ತು. ಶಾಲಾ ಮೈದಾನದ ಆಚೆ ಬಂದರೆ ಅದರ ತೆಳು ಅಟ್ಟೆಯ ಕೆಳಗಿನ ಪ್ರತಿಯೊಂದು ಗರಸಿನ ಹರಳೂ ಅಂಗಾಲಿಗೆ ಗೊತ್ತಾಗುತ್ತಿತ್ತು.

ಈಗ ಅಟ್ಟೆಯ ಮಾತು. ಹಲ್ಲಿನ ರಬ್ಬರ್ ಅಟ್ಟೆ ಬಂದದ್ದು ಪರ್ವತಾರೋಹಣದಿಂದ. 1935ರಲ್ಲಿ ಇಟಲಿಯ ಪರ್ವತವೊಂದರಲ್ಲಿ ಆರು ಮಂದಿ ಸಂಗಾತಿಗಳನ್ನು ಕಳೆದುಕೊಂಡ ವಿಟಾಲೆ ಬ್ರಮಾನಿ, ಕಾಲಿನ ಹಿಡಿತ ಸರಿಯಿದ್ದರೆ ಅವರು ಉಳಿಯುತ್ತಿದ್ದರೆಂದು ಬಗೆದು, ಟೈರು ಮಾಡುವ ಪಿರೆಲ್ಲಿ ಕಂಪನಿಯ ನೆರವು ಪಡೆದು 1937ರಲ್ಲಿ ಹಲ್ಲಿನ ಅಟ್ಟೆ ತಂದರು. ಅವರ ಹೆಸರೇ ವಿಬ್ರಮ್ ಎಂಬ ಗುರುತಾಗಿ ಇಂದಿಗೂ ಅನೇಕ ಬೂಟುಗಳ ಅಡಿಯಲ್ಲಿ ಹಳದಿ ಚೀಟಿಯಲ್ಲಿ ಕಾಣುತ್ತದೆ. ಅವರಿಗೆ ಟೈರಿನವರ ರಬ್ಬರ್ ಸಿಕ್ಕಿತು. ದೋಆಬಿನ ಕುರಿಗಾರರು ಟೈರನ್ನೇ ಕಾಲಿಗೆ ಕಟ್ಟಿಕೊಂಡಿದ್ದರು. ಎರಡರ ಹಿಂದಿನ ಬುದ್ಧಿ ಒಂದೇ.

ಚೀಕಲಪರ್ವಿಯ ಒಣ ದಿನಗಳಿಗೆ 3–4 ಮಿ.ಮೀ. ಹಲ್ಲು ಧಾರಾಳವಾಯಿತು. ಹಲ್ಲು ಉದ್ದವಿದ್ದಷ್ಟೂ ಗಟ್ಟಿ ಗರಸಿನ ಮೇಲೆ ಅಂಗಾಲಿಗೆ ಚುಚ್ಚಿದಂತಾಗುತ್ತದೆ, ಜೊತೆಗೆ ಬೇಗ ಸವೆಯುತ್ತದೆ. ಊರಿಂದ ಏರಿಗೆ ಮುಟ್ಟಲು ಒಂದಿಷ್ಟು ದೂರ ಡಾಂಬರಿನ ಮೇಲೇ ಓಡಬೇಕು ಎಂಬುದನ್ನು ಅಂಗಡಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇ ತಿಂಗಳ ರಾಯಚೂರಿನ ಡಾಂಬರು ಮೆತ್ತನೆ ರಬ್ಬರನ್ನು ಉಜ್ಜಿ ತಿನ್ನುತ್ತದೆ. ಆದ್ದರಿಂದ ಹಿಡಿತವೋ ಬಾಳಿಕೆಯೋ ಎಂಬ ಪ್ರಶ್ನೆ ಬಂದಾಗ, ದಿನವೂ ಗುಡ್ಡ ಹತ್ತದವರು ಬಾಳಿಕೆಯ ಕಡೆ ವಾಲಿದ್ದೇ ಸರಿ.

ಹಲ್ಲಿಗಿಂತ ದೊಡ್ಡ ಪ್ರಶ್ನೆ ಮುಳ್ಳು. ಬಳ್ಳಾರಿ ಜಾಲಿ ಈ ನಾಡಿನ ಗಿಡವಲ್ಲ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಇಂದು ಕಾಲುವೆ ದಂಡೆ, ಹಳ್ಳ, ಬೀಳು ಹೊಲ, ಸ್ಮಶಾನ ಎಲ್ಲೆಲ್ಲೂ ಅದೇ. ಹಸಿ ಗಿಡದ ಮುಳ್ಳಿಗಿಂತ ಕಡಿದು ಹಾಕಿದ ಒಣ ಟೊಂಗೆಯ ಮುಳ್ಳು ಕೆಟ್ಟದ್ದು. ಸೌದೆಗೋ ಇದ್ದಿಲಿಗೋ ಕಡಿದವರು ಟೊಂಗೆ ಎಳೆದುಕೊಂಡು ಹೋದ ದಾರಿಯಲ್ಲಿ ಮುಳ್ಳು ಉದುರಿರುತ್ತವೆ. ಹೊಲದ ಬಾಯಿಗೆ ಅಡ್ಡ ಇಟ್ಟ ಬೇಲಿ ತೆಗೆದ ಜಾಗದಲ್ಲೂ ಅಷ್ಟೆ. ಬೂಟಿನ ಮೆದು ಪದರ ಇವಿಎ ಎಂಬ ನೊರೆಯಂಥ ಪ್ಲಾಸ್ಟಿಕ್ಕಿನದು. ಹಲ್ಲಿನ ಸಂದಿನಲ್ಲಿ ರಬ್ಬರ್ ತೆಳುವಾಗಿರುವ ಕಡೆ ಮುಳ್ಳು ಹೊಕ್ಕರೆ ಆ ಪದರದಲ್ಲಿ ತಡೆಯೇ ಇಲ್ಲ. ಹೊರಗಿನ ತುದಿ ಅಲ್ಲೇ ಮುರಿದು, ಒಳಗಿನ ಮೊನೆ ಅಡಗಿ ಕೂರುತ್ತದೆ. ಭಾರ ಬಿದ್ದಾಗ ಚುಚ್ಚುತ್ತದೆ, ಬೂಟು ಕಳಚಿ ನೋಡಿದರೆ ಏನೂ ಕಾಣುವುದಿಲ್ಲ. ಹುಡುಕುವ ಕ್ರಮ ಇಷ್ಟು: ಒಳಹಾಸು ತೆಗೆದು, ಒಳಗೆ ಕೈಯಿಟ್ಟು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಟ್ಟೆಯನ್ನು ಕೆಳಗಿನಿಂದ ಒತ್ತುತ್ತ ಸರಿಯಬೇಕು. ಬೆರಳಿಗೆ ಮೊನೆ ತಾಕಿದ ಕಡೆ ಚಿಮಟಿಗೆಯಿಂದ ಒಳಗಿನಿಂದಲೇ ಎಳೆಯಬೇಕು. ಹೊರಗಿನಿಂದ ಕೆದಕಿದರೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ನೆಗ್ಗಿಲು ಮುಳ್ಳು ನೋಡಲು ಭಯಂಕರ, ಆದರೆ ಗಿಡ್ಡ. ಅದು ಹವಾಯಿ ಚಪ್ಪಲಿಯನ್ನು ಕಾಡುತ್ತದೆಯೇ ಹೊರತು ದಪ್ಪ ಅಟ್ಟೆಯ ಬೂಟನ್ನಲ್ಲ.

ಈ ಕಾರಣಕ್ಕೆ ಅಟ್ಟೆಗೂ ಮೆದು ಪದರಕ್ಕೂ ನಡುವೆ ತಗಡಿರುವ ಬೂಟು ಇಲ್ಲಿನವರಿಗೆ ಬೇಕೇ ಬೇಕು. ತಗಡು ಇರುವುದು ಚೂಪು ಕಲ್ಲಿನ ಪೆಟ್ಟಿಗೆಂದು. ಮುಳ್ಳನ್ನು ತಡೆಯುವುದು ಅದರ ಉಪಕಾರ. ಇದೆಯೋ ಇಲ್ಲವೋ ತಿಳಿಯಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಳಗೆ ಎರಡು ಬೆರಳಿಟ್ಟು ಮುಂಗಾಲಿನ ಕೆಳಗೆ ಪೆನ್ನಿನ ಹಿಂಬದಿಯಿಂದ ಒತ್ತಬೇಕು. ಒತ್ತು ಒಂದೇ ಬಿಂದುವಿಗೆ ತಾಕಿದರೆ ತಗಡಿಲ್ಲ, ಅಗಲಕ್ಕೆ ಹರಡಿದರೆ ಇದೆ. ತಗಡು ಬಹುತೇಕ ಮುಂಗಾಲಿಗಷ್ಟೇ ಇರುತ್ತದೆ, ಹಿಮ್ಮಡಿಯ ಕಡೆ ದಪ್ಪ ಪದರವೇ ರಕ್ಷೆ.

ಅಳತೆಯ ವಿಷಯಕ್ಕೆ ಬಂದರೆ, ಬರಿಗಾಲಲ್ಲಿ ಬೆಳೆದವರ ಪಾದ ಬೇರೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2300 ಮಕ್ಕಳ ಹೆಜ್ಜೆಗುರುತು ನೋಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಮೂಳೆ ವೈದ್ಯರೆಲ್ಲ ಉಲ್ಲೇಖಿಸುವಂಥದ್ದು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲ ಮಕ್ಕಳಲ್ಲಿ 2.8 ಮಂದಿಗಿತ್ತು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬೆಂಗಳೂರು ಕಡೆಯ ಬರಿಗಾಲ ನಡೆಗಾರರನ್ನು ಅಳೆದು, ಅವರ ಮುಂಗಾಲು ಅಗಲವೆಂದು ತೋರಿಸಿತು. ಹೊಲದಲ್ಲಿ ಬೆಳೆದ ಕಾಲಿಗೆ ಹೊರದೇಶದ ಅಚ್ಚಿನ ಬೂಟು ಕಿರುಬೆರಳಿನ ಬಳಿ ಕಚ್ಚುವುದು ಇದರಿಂದ. ಅಗಲ ಸಾಲದೆ ಒಂದು ಅಂಕಿ ದೊಡ್ಡದು ಕೊಂಡರೆ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ. ಉದ್ದ ಸರಿಯಿದ್ದು ಬೆರಳ ಜಾಗ ಅಗಲವಿರುವ ಅಚ್ಚನ್ನೇ ಹುಡುಕಬೇಕು. ಇಲ್ಲಿ ರಂಗುರಂಗಿನ ಚೆಂದದ ಜೋಡಿಯೊಂದನ್ನು ಕೈಬಿಡುವ ಗಟ್ಟಿ ಮನಸ್ಸು ಬೇಕಾಗುತ್ತದೆ.

ನಂಬರಿನ ಗೊಂದಲವೂ ಸಣ್ಣದಲ್ಲ. ಬ್ರಿಟಿಷ್ ಲೆಕ್ಕದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಪಾಲು, ಅಂದರೆ ಸುಮಾರು 8.5 ಮಿ.ಮೀ. ಅಂತರ, ಯುರೋಪಿನ ಲೆಕ್ಕದಲ್ಲಿ ಸುಮಾರು 6.7 ಮಿ.ಮೀ. ಒಂದನ್ನು ಇನ್ನೊಂದಕ್ಕೆ ತಿರುಗಿಸುವಾಗ ಕಂಪನಿಗೊಂದು ಲೆಕ್ಕ. ಹಿಂದೆ ಕೆರ ಹೊಲಿಯುವವರು ಮಾಡುತ್ತಿದ್ದ ಕ್ರಮವೇ ಇಲ್ಲಿ ಕೆಲಸಕ್ಕೆ ಬಂತು: ನೋಟ್‌ಬುಕ್ಕಿನ ಹಾಳೆಯ ಮೇಲೆ ನಿಂತು ಸುತ್ತ ಗೆರೆ ಎಳೆದು, ಹಿಮ್ಮಡಿಯಿಂದ ಉದ್ದದ ಬೆರಳಿನವರೆಗೆ ಅಳೆಯುವುದು. ಎರಡು ಕಾಲೂ ಅಳೆಯಬೇಕು, ದೊಡ್ಡದನ್ನು ಹಿಡಿಯಬೇಕು. ಬೂಟಿನ ನಾಲಿಗೆಯ ಒಳಗಿನ ಚೀಟಿಯಲ್ಲಿ ಸೆಂ.ಮೀ. ಅಂಕಿ ಇದ್ದರೆ ಅದೇ ನಂಬಿಕೆಯದು. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಉಳಿಯಬೇಕು.

ಅಷ್ಟು ಜಾಗ ಯಾಕೆ ಎಂದು ಶ್ರೀಶೈಲ ಪಾದಯಾತ್ರೆಗೆ ಹೋಗಿಬಂದವರನ್ನು ಕೇಳಿದರೆ ಹೇಳುತ್ತಾರೆ. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಯ ಸಾವಿರಾರು ಜನ ಮಲ್ಲಯ್ಯನ ದರ್ಶನಕ್ಕೆ ನಡೆಯುತ್ತಾರೆ. ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ ದಾಟಿ ನಲ್ಲಮಲೆಯ ಕಾಡಿನಲ್ಲಿ ಹತ್ತಿ ಇಳಿಯುತ್ತಾರೆ. ಬಿಸಿಲಿಗೆ, ದೂರಕ್ಕೆ ಪಾದ ಊದುತ್ತದೆ. ಹೊರಡುವಾಗ ಬಿಗಿಯಾಗಿ ಕೂತಿದ್ದ ಬೂಟಿನ ಕಿರುಬೆರಳ ಕಡೆಯನ್ನು ನಡುದಾರಿಯಲ್ಲಿ ಬ್ಲೇಡಿನಿಂದ ಕೊಯ್ದುಕೊಂಡವರು ಪ್ರತಿ ವರ್ಷ ಸಿಗುತ್ತಾರೆ. ಓಟಕ್ಕೂ ಇದೇ ನ್ಯಾಯ. ಅದಕ್ಕೇ ಬೂಟು ನೋಡಲು ಸಂಜೆ ಹೋಗಬೇಕು, ದಿನವೆಲ್ಲ ತಿರುಗಾಡಿ ಕಾಲು ದೊಡ್ಡದಾದ ಹೊತ್ತಿಗೆ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು.

ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಡ್ರಾಪ್ ಎನ್ನುತ್ತಾರೆ. ರಸ್ತೆ ಬೂಟುಗಳಲ್ಲಿ 8–12 ಮಿ.ಮೀ. ಸಾಮಾನ್ಯ, ಟ್ರೇಲ್ ಬೂಟುಗಳಲ್ಲಿ 4–8, ಕೆಲವುಗಳಲ್ಲಿ ಸೊನ್ನೆ. ಎತ್ತರದಿಂದ ಒಮ್ಮೆಗೇ ಸೊನ್ನೆಗೆ ಇಳಿದರೆ ಮೀನಖಂಡಕ್ಕೂ ಹಿಮ್ಮಡಿ ನರಕ್ಕೂ ಹೊರೆ ಬೀಳುತ್ತದೆ. ಊರಲ್ಲೇ ಇದ್ದು ಚಪ್ಪಲಿಯಲ್ಲಿ ಓಡಾಡಿದವರಿಗೆ ಇದು ಅಷ್ಟಾಗಿ ತಟ್ಟಲಿಲ್ಲ, ರಾಯಚೂರಿನ ಕಚೇರಿಯಲ್ಲಿ ಚರ್ಮದ ಬೂಟು ಹಾಕಿ ಕೂತವರಿಗೆ ತಟ್ಟಿತು. ಅಟ್ಟೆಯ ಒಟ್ಟು ದಪ್ಪ ಹೆಚ್ಚಿದ್ದರೆ ಮೆತ್ತಗಿರುತ್ತದೆ, ಆದರೆ ಬಂಡಿ ಜಾಡಿನ ಏಣಿನ ಮೇಲೆ ಕಾಲು ಹೊರಳುವ ಸಂಭವವೂ ಹೆಚ್ಚು. ಮೊದಲ ಜೋಡಿಗೆ ಎರಡರಲ್ಲೂ ನಡುವಿನದೇ ವಾಸಿ.

ನೀರು ತಡೆಯುವ ಪೊರೆಯಿರುವ ಬೂಟಿಗೆ ಬೆಲೆ ಹೆಚ್ಚು, ಹೊಗಳಿಕೆಯೂ ಹೆಚ್ಚು. ಹಿಮ ಬೀಳುವ ದೇಶದ ವಸ್ತು ಅದು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಬೆವರೇ ಒಳಗೆ ನಿಲ್ಲುತ್ತದೆ. ಗದ್ದೆ ಕಾಲುವೆಯಲ್ಲಿ ಕಾಲಿಟ್ಟರೆ ಮೇಲಿನಿಂದ ಹೊಕ್ಕ ನೀರು ಹೊರಹೋಗುವುದಿಲ್ಲ. ಗಾಳಿಯಾಡುವ ಜಾಲರಿ ಬಟ್ಟೆಯೇ ಬೇಕು, ಆದರೆ ಕಣ್ಣು ಸಣ್ಣದಿರಬೇಕು. ದೀಪಾವಳಿಯ ಸುಮಾರಿಗೆ ಉತ್ತರಾಣಿ ಬಲಿತು ಕಾಲುಚೀಲದ ತುಂಬ ಹತ್ತಿಕೊಳ್ಳುತ್ತದೆ, ಹುಲ್ಲಿನ ಸೂಜಿ ಜಾಲರಿ ತೂರಿ ಪಾದದ ಮೇಲ್ಭಾಗಕ್ಕೆ ಚುಚ್ಚುತ್ತದೆ. ಅವನ್ನು ಒಂದೊಂದಾಗಿ ಕೀಳುವುದಕ್ಕೆ ಓಡಿದಷ್ಟೇ ಹೊತ್ತು ಬೇಕು. ಉದ್ದ ಕಾಲುಚೀಲ ಹಾಕುವವರು ಅರ್ಧ ಗೆದ್ದರು.

ಇಷ್ಟೆಲ್ಲ ತಿಳಿದುಕೊಂಡು ರಾಯಚೂರಿನ ತೀನ್ ಕಂದೀಲ್ ಸುತ್ತಿನ ಅಂಗಡಿಗಳಿಗೆ ಹೋದಾಗ ನಡೆದ ಮಾತು ಹೀಗೆ. “ಹೊಲದಾಗ, ಗುಡ್ಡದಾಗ ಓಡಾಕ ಬೂಟ್ ಬೇಕಾಗಿತ್ರೀ.” “ಹೊಲಕ್ಕ ಗಂಬೂಟ್ ಅದಾವ್ರೀ ಅಣ್ಣಾ, ತೆಗೀಲೇನ್ರೀ?” ಅಡಿಯಲ್ಲಿ ಹಲ್ಲಿರುವುದು ಎಂದು ವಿವರಿಸಿದಾಗ ಫುಟ್‌ಬಾಲ್ ಬೂಟು, ಆಮೇಲೆ ಕ್ರಿಕೆಟ್ಟಿನ ಮೊಳೆ ಬೂಟು ಹೊರಬಂದವು. ಅಂಗಡಿಯವರ ತಪ್ಪೇನಿಲ್ಲ, ಕೇಳುವವರು ಇಲ್ಲದ ಮಾಲನ್ನು ಯಾರೂ ತರಿಸುವುದಿಲ್ಲ. 2009ರಲ್ಲಿ ಬೆಂಗಳೂರಿನಿಂದ ಭಾರತದ ವ್ಯಾಪಾರ ಶುರುಮಾಡಿದ ಡೆಕಾಥ್ಲಾನ್‌ನಂಥ ಮಳಿಗೆಗಳಲ್ಲಿ ಅಗ್ಗದ ಟ್ರೇಲ್ ಬೂಟು ಕೈಗೆಟಕುವಂತಾಯಿತು. ಸಾಲೊಮನ್, ಹೋಕಾ ಮುಂತಾದ ಕಂಪನಿಗಳವು ದುಬಾರಿ. ಊರಿನ ಮೊದಲ ಜೋಡಿ ಬಂದದ್ದು ಅಗ್ಗದ ಸಾಲಿನಿಂದಲೇ: ನಾಲ್ಕು ಮಿ.ಮೀ. ಹಲ್ಲು, ಮುಂಗಾಲಿಗೆ ತಗಡು, ಅಗಲ ಬೆರಳ ಜಾಗ, ಬಣ್ಣ ಮಾತ್ರ ಯಾರಿಗೂ ಹಿಡಿಸದ ಕಿತ್ತಳೆ. ಆಯ್ಕೆಯನ್ನು ತೀರ್ಮಾನಿಸಿದ್ದು ಮಳಿಗೆಯ ಮೆಟ್ಟಿಲು. ಇಳಿಯುವಾಗ ಬೆರಳು ಮುಂದೆ ಹೋಗಿ ಬಡಿಯದ ಒಂದೇ ಜೋಡಿ ಅದಾಗಿತ್ತು.

ಆಮೇಲಾಮೇಲೆ ಆನ್‌ಲೈನ್‌ನಲ್ಲಿ ಕೊಂಡ ಬೂಟಿನ ಡಬ್ಬಿ ಮನೆ ಬಾಗಿಲಿಗೆ ಬರತೊಡಗಿತು. ಹಾಗೆ ತರಿಸಿದವರು ಬೂಟು ಹಾಕಿಕೊಂಡು ಮೊದಲು ಹೊರಸಿನ ಪಕ್ಕ ಹಾಸಿದ ಜಮಖಾನದ ಮೇಲೆ ಸಂಜೆ ಹೊತ್ತು ತಿರುಗಾಡಿ ನೋಡುವುದು ರೂಢಿಯಾಯಿತು. ಒಮ್ಮೆ ಎರಿ ತಾಕಿದ ಜೋಡಿಯನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಹಿಮ್ಮಡಿ ಜಾರುವವರು ಕಣಕಾಲ ಬಳಿಯ ಕೊನೆಯ ಹೆಚ್ಚುವರಿ ತೂತಿನಲ್ಲಿ ಲಾಡಿಯನ್ನು ಅದೇ ಬದಿಗೆ ತೂರಿಸಿ ಕುಣಿಕೆ ಮಾಡಿ, ಎದುರು ಬದಿಯ ಲಾಡಿಯನ್ನು ಅದರೊಳಗೆ ಹಾಯಿಸಿ ಬಿಗಿದರೆ ಹಿಮ್ಮಡಿ ಕೂರುತ್ತದೆ. ಬಹಳ ಜನಕ್ಕೆ ಆ ತೂತು ಯಾಕಿದೆ ಎಂದೇ ಗೊತ್ತಿರುವುದಿಲ್ಲ.

ಹೊಸ ಜೋಡಿಯನ್ನು ಮೊದಲ ಕೆಲವು ದಿನ ಏರಿಯ ಮೇಲೆ ಮೆಲ್ಲಗೆ ಓಡಿಸಿ, ಆಮೇಲೆ ಗುಡ್ಡಕ್ಕೆ ಒಯ್ಯಬೇಕು. ಎರಿ ಅಂಟಿದರೆ ಹಸಿ ಇದ್ದಾಗ ಕೆದಕದೆ, ಒಣಗಲು ಬಿಟ್ಟು, ಎರಡು ಬೂಟಿನ ಅಟ್ಟೆಗಳನ್ನು ಒಂದಕ್ಕೊಂದು ಬಡಿದರೆ ಹೆಂಟೆಯಾಗಿ ಬೀಳುತ್ತದೆ; ಉಳಿದದ್ದಕ್ಕೆ ಹಳೆಯ ಬ್ರಷ್ಷು, ತಣ್ಣೀರು. ಒಣಗಿಸಲು ತಗಡಿನ ಮಾಳಿಗೆಯ ಮೇಲೆ ಇಡಬಾರದು. ರಾಯಚೂರಿನ ಬಿಸಿಲಿಗೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ಒಳಗೆ ಸುದ್ದಿಪತ್ರಿಕೆ ತುರುಕಿ ನೆರಳಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಹಾಕಿಕೊಳ್ಳುವ ಮುಂಚೆ ಮಗುಚಿ ಕೊಡವಬೇಕು, ಚೇಳಿನ ಸೀಮೆ ಇದು.

ಸಾಮಾನ್ಯವಾಗಿ ಒಂದು ಜೋಡಿ 500ರಿಂದ 800 ಕಿ.ಮೀ. ಬಾಳುತ್ತದೆ. ಮೇಲುಹೊದಿಕೆ ಹರಿದರೆ, ಅಟ್ಟೆ ಎದ್ದರೆ ಮೋಚಿ ಹೊಲಿದು, ಸಲ್ಯೂಷನ್ ಹಚ್ಚಿ ಕೂರಿಸಿ ಕೊಡುತ್ತಾರೆ. ಒಳಗಿನ ಮೆದು ಪದರ ಸತ್ತರೆ ಅದಕ್ಕೆ ಮದ್ದಿಲ್ಲ. ಪದರದ ಬದಿಯಲ್ಲಿ ಅಡ್ಡ ಗೆರೆಗಳು ಆಳವಾಗಿ, ಹೆಬ್ಬೆರಳಿಂದ ಒತ್ತಿದರೆ ಹಿಂದಕ್ಕೆ ಚಿಮ್ಮದಿದ್ದರೆ ಅದು ಸತ್ತಿದೆ. ಹೊಸದನ್ನು ಕೊಳ್ಳಲು ಹೋಗುವಾಗ ಆ ಹಳೆಯ ಜೋಡಿಯನ್ನು ಚೀಲದಲ್ಲಿ ಒಯ್ಯುವುದು ಲಾಭ. ಹಲ್ಲು ಹೊರ ಅಂಚಿನಲ್ಲಿ ಸವೆದಿದೆಯೋ ಒಳ ಅಂಚಿನಲ್ಲೋ, ಕಿರುಬೆರಳ ಬಳಿ ಬಟ್ಟೆ ಹರಿದಿದೆಯೋ, ಮುಳ್ಳಿನ ತೂತುಗಳು ಮುಂಗಾಲಲ್ಲಿ ಹೆಚ್ಚೋ ಹಿಮ್ಮಡಿಯಲ್ಲೋ, ಇವನ್ನೆಲ್ಲ ನೋಡಿಯೇ ಎರಡನೆಯ ಜೋಡಿಯ ಅಗಲ, ತಗಡು, ಅಟ್ಟೆಯ ದಪ್ಪ ಗೊತ್ತುಮಾಡಬಹುದು.